ಪೆಟ್ಟಿಗೆಯಲ್ಲಿದ್ದೂ ಕಾಣದ ಕಾಗದ

ರಾತ್ರಿ ಒಂಬತ್ತು ಹೊಡೆದಿದ್ದಿತು. ಮೈಸೂರಿನ ಸರಸ್ವತೀಪುರದ ಮನೆಯೊಂದರ ಮುಂದಿನ ಕೋಣೆಯಲ್ಲಿ ನಿವೃತ್ತ ಗ್ರಂಥಪಾಲರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತು ಒಂದೇ ಹೆಸರನ್ನು ಆರನೆಯ ಸಲ ಟೈಪು ಮಾಡುತ್ತಿದ್ದರು. ಆರನೆಯ ಸಲವೂ ಅದೇ ಉತ್ತರ ಬಂದಿತು: ಏನೂ ಸಿಕ್ಕಲಿಲ್ಲ.

ಮರುದಿನ ಬೆಳಗ್ಗೆ ಹತ್ತೂವರೆಗೆ ಗ್ರಾಹಕ ಆಯೋಗದಲ್ಲಿ ಅವರ ದೂರಿನ ವಿಚಾರಣೆಯಿದ್ದಿತು. ಜೀವಮಾನದ ಉಳಿತಾಯವನ್ನು ಸುರಿದು ಕೊಂಡ ಫ್ಲಾಟಿನ ಬೀಗದ ಕೈಯನ್ನು ಯಾವ ತಿಂಗಳಲ್ಲಿ ಕೊಡಲಾಗುವುದೆಂದು ಕಟ್ಟಡ ಕಟ್ಟಿಸುವವರು ನಾಲ್ಕು ವರ್ಷಗಳ ಹಿಂದೆ ಇ-ಮೇಲಿನಲ್ಲಿ ಬರೆದಿದ್ದರು. ಆ ಮಾತಿಗೆ ಬೇರಾವ ಲಿಖಿತ ಆಧಾರವೂ ಇರಲಿಲ್ಲ. ಅದರ ಪ್ರತಿಯನ್ನು ತಪ್ಪದೆ ತರಬೇಕೆಂದು ವಕೀಲರು ಸಂಜೆ ಫೋನಿನಲ್ಲಿ ಹೇಳಿದ್ದರು. ‘ಅದಕ್ಕೇನು, ಹೆಸರು ಹಾಕಿದರೆ ಅರೆಕ್ಷಣದಲ್ಲಿ ಬರುತ್ತದೆ’ ಎಂದು ವೃದ್ಧರೂ ನಿಶ್ಚಿಂತೆಯಿಂದ ಉತ್ತರಿಸಿದ್ದರು.

ಆದರೆ ಬರಲಿಲ್ಲ. ಹಿಂದಿನ ದಿನವಷ್ಟೇ ಕಂಪ್ಯೂಟರು ತಾನಾಗಿಯೇ ಒಂದು ದೊಡ್ಡ ಅಪ್‌ಡೇಟನ್ನು ಮುಗಿಸಿಕೊಂಡು, ಹೊಸ ಬಣ್ಣದ ಪರದೆಯೊಡನೆ ಎಚ್ಚೆತ್ತಿದ್ದಿತು. ಆ ಎರಡು ಸಂಗತಿಗಳಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಹೊಳೆದುದು ಮತ್ತೊಂದು; ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವಂಥದು.

“ಅಂಥ ಕಾಗದ ಬಂದೇ ಇರಲಿಲ್ಲವೋ ಏನೋ. ನಾನೇ ಕಲ್ಪಿಸಿಕೊಂಡಿರಬೇಕು” ಎಂದರು, ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು.

“ಇದೇನೂಂದ್ರೆ ಹೀಗಂತೀರಿ? ನೀವು ಓದಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆಯಲ್ಲ. ಅವತ್ತು ಪಾಯಸ ಮಾಡಿದ್ದೆ” ಎಂದರು ಪತ್ನಿ.

ಇಂಥ ರಾತ್ರಿಗಳು ಅನೇಕ ಮನೆಗಳಲ್ಲಿ ಕಳೆಯುತ್ತವೆ. ಹುಡುಕುವ ವಸ್ತು ಮಾತ್ರ ಬೇರೆ: ಒಬ್ಬರಿಗೆ ವಿಮೆಯ ಪತ್ರ, ಇನ್ನೊಬ್ಬರಿಗೆ ಮಗಳ ಕಾಲೇಜಿನ ಪ್ರವೇಶಪತ್ರ, ಮತ್ತೊಬ್ಬರಿಗೆ ತೀರಿಕೊಂಡ ಅಣ್ಣ ಬರೆದ ಕೊನೆಯ ನಾಲ್ಕು ಸಾಲು. ಅಪ್‌ಡೇಟಿನ ಮರುದಿನ ಅವು ಮಾಯವಾದಂತೆ ತೋರುತ್ತವೆ. ನಿಜವಾಗಿ ಅವು ಮಾಯವಾಗಿರುವುದು ಬಹಳ ಅಪರೂಪ.

ಕಾರ್ಡು ಕಳೆದ ಗ್ರಂಥಾಲಯ

ವೃದ್ಧರ ಪುಣ್ಯಕ್ಕೆ, ಅವರಿದ್ದ ಕಾಲೇಜಿನಲ್ಲೇ ಓದಿ ಈಗ ಕಂಪ್ಯೂಟರ್ ಕೆಲಸದಲ್ಲಿರುವ ತರುಣನೊಬ್ಬ ಅದೇ ಬೀದಿಯಲ್ಲಿದ್ದ. ಕರೆ ಕಳುಹಿಸಿದೊಡನೆ ಬಂದ. ಪರದೆಯನ್ನು ಎರಡು ನಿಮಿಷ ನೋಡಿ ನಕ್ಕುಬಿಟ್ಟ.

“ಕಾಗದ ಎಲ್ಲಿಗೂ ಹೋಗಿಲ್ಲ ಸಾರ್. ನಮ್ಮ ಲೈಬ್ರರಿಯಲ್ಲಿ ಕಾರ್ಡುಗಳ ಡ್ರಾಯರು ಇತ್ತಲ್ಲ? ಅದನ್ನು ಯಾರೋ ನೆಲಕ್ಕೆ ಚೆಲ್ಲಿದ್ದಾರೆ ಅಂದುಕೊಳ್ಳಿ.”

“ಅಂದರೆ ಪುಸ್ತಕ ಕಪಾಟಿನಲ್ಲಿದೆ, ಕಾರ್ಡು ಮಾತ್ರ ಇಲ್ಲ ಅನ್ನು.”

“ಅಷ್ಟೇ ಸಾರ್.”

ಇಡೀ ವಿಷಯದ ತಿರುಳು ಈ ಮೂರು ಮಾತುಗಳಲ್ಲಿ ಅಡಗಿದೆ. ಹುಡುಕುವ ಚೌಕದಲ್ಲಿ ಒಂದು ಪದವನ್ನು ಹಾಕಿದಾಗ ಕಂಪ್ಯೂಟರು ಸಾವಿರಾರು ಕಾಗದಗಳನ್ನು ಆ ಕ್ಷಣದಲ್ಲಿ ತೆರೆದು ಓದುತ್ತದೆಂದು ನಮ್ಮಲ್ಲಿ ಹೆಚ್ಚಿನವರು ಭಾವಿಸಿದ್ದಾರೆ. ಅದು ಹಾಗೆ ಮಾಡುವುದಿಲ್ಲ. ಮಾಡಿದ್ದರೆ ಉತ್ತರಕ್ಕಾಗಿ ಬಹಳ ಹೊತ್ತು ಕಾಯಬೇಕಾಗುತ್ತಿದ್ದಿತು. ಯಾರೂ ಕೆಲಸ ಹೇಳದ ಬಿಡುವಿನ ವೇಳೆಯಲ್ಲಿ ಅದು ಪ್ರತಿಯೊಂದು ಕಾಗದವನ್ನೂ ಒಮ್ಮೆ ಓದಿ, ಯಾವ ಪದ ಯಾವ ಯಾವ ಕಾಗದದಲ್ಲಿದೆ ಎಂಬ ಪಟ್ಟಿಯನ್ನು ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ಇಂಡೆಕ್ಸ್, ಅಂದರೆ ಪದಸೂಚಿ ಎಂದು ಹೆಸರು. ನಾವು ಹುಡುಕಿದಾಗ ಅದು ನೋಡುವುದು ಈ ಸೂಚಿಯನ್ನೇ ಹೊರತು ಕಾಗದಗಳನ್ನಲ್ಲ. ಸೂಚಿಯಲ್ಲಿಲ್ಲದುದು ಅದರ ಪಾಲಿಗೆ ಲೋಕದಲ್ಲೇ ಇಲ್ಲ.

ಸೂಚಿಯ ಹಳೆಯ ಕಥೆ

ಈ ಉಪಾಯ ಕಂಪ್ಯೂಟರಿಗಿಂತ ಬಹು ಹಳೆಯದು. 13ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಡೊಮಿನಿಕನ್ ಮಠದಲ್ಲಿ ಸೇಂಟ್ ಶೇರಿನ ಹ್ಯೂ ಎಂಬಾತನ ನೇತೃತ್ವದಲ್ಲಿ ಸಂನ್ಯಾಸಿಗಳು ಬೈಬಲಿನ ಪದಗಳಿಗೆಲ್ಲ ಒಂದು ಸೂಚಿಯನ್ನು ಸಿದ್ಧಪಡಿಸಿದರು. ಉಪದೇಶಕನಿಗೆ ಒಂದು ಪದ ನೆನಪಿದ್ದರೆ ಸಾಕು, ಅದು ಬರುವ ಸ್ಥಳಗಳೆಲ್ಲ ಕೈಗೆ ಸಿಕ್ಕುತ್ತಿದ್ದುವು. 1949ರಲ್ಲಿ ರೊಬೆರ್ತೊ ಬೂಸಾ ಎಂಬ ಇಟಲಿಯ ಪಾದ್ರಿ, ಸಂತ ಥಾಮಸ್ ಅಕ್ವಿನಾಸನ ಬರಹಗಳಿಗೆ ಅಂಥದೇ ಸೂಚಿಯನ್ನು ಯಂತ್ರದಿಂದ ಮಾಡಿಸಲು ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ನನ ನೆರವನ್ನು ಕೋರಿದ. ತೂತು ಕೊರೆದ ಕಾರ್ಡುಗಳಿಂದ ಆರಂಭವಾದ ಆ ಕೆಲಸ ದಶಕಗಳ ಕಾಲ ಸಾಗಿ 56 ಸಂಪುಟಗಳಾಗಿ ಹೊರಬಂದಿತು.

ನಮ್ಮ ನಾಡಿಗೂ ಈ ವಿದ್ಯೆಯ ನಂಟಿದೆ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲೊಂದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ತೀರಿಕೊಂಡುದೂ ಆ ಊರಿನಲ್ಲೇ. ಸಂಗ್ರಹ ಎಷ್ಟೇ ದೊಡ್ಡದಾಗಿರಲಿ, ಸೂಚಿ ಸರಿಯಿಲ್ಲದಿದ್ದರೆ ಅದು ಓದುಗನಿಗೆ ಬರಿಯ ಗೋಡೌನು ಎಂಬುದು ಅವರ ಶಿಷ್ಯಪರಂಪರೆಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಇ-ಮೇಲಿನ ವಿಷಯದಲ್ಲಿ ಈ ಮಾತು ತಡವಾಗಿ ಅರಿವಿಗೆ ಬಂದಿತು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಪತ್ರ ಕಳುಹಿಸಿದಾಗ ಹುಡುಕುವಷ್ಟು ಪತ್ರಗಳೇ ಇರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಜಾಗದೊಡನೆ ಬಂದಾಗ, ಕಾಗದಗಳನ್ನು ವಿಂಗಡಿಸುವ ಶ್ರಮವೇ ಬೇಡ, ಬೇಕಾದಾಗ ಹುಡುಕಿಕೊಳ್ಳಿ ಎಂಬ ಹೊಸ ಪಾಠ ಆರಂಭವಾಯಿತು. 2005ರ ಏಪ್ರಿಲಿನಲ್ಲಿ ಆ್ಯಪಲ್ ಸಂಸ್ಥೆ ತನ್ನ ಯಂತ್ರಗಳಿಗೆ ಸ್ಪಾಟ್‌ಲೈಟ್ ಎಂಬ ಶೋಧಕವನ್ನು ಅಳವಡಿಸಿತು. ಮೈಕ್ರೋಸಾಫ್ಟಿನ ಔಟ್‌ಲುಕ್ ತನ್ನ 2007ರ ಆವೃತ್ತಿಯಲ್ಲಿ ವಿಂಡೋಸಿನ ಸೂಚಿಯನ್ನು ಅವಲಂಬಿಸತೊಡಗಿತು. ಅಂದಿನಿಂದ ಜನ ಕಾಗದಗಳನ್ನು ಕಟ್ಟುಕಟ್ಟಿಡುವುದನ್ನು ಬಿಟ್ಟರು. ಎಲ್ಲ ಭಾರವೂ ಸೂಚಿಯ ಮೇಲೆ ಬಿದ್ದಿತು.

ಅಪ್‌ಡೇಟು ಮಾಡುವುದೇನು?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಹಿಂದುಮುಂದಿನ ದಿನಗಳಲ್ಲಿ ಬಹು ಮಂದಿ ವಿಂಡೋಸ್ 11ಕ್ಕೆ ಬಂದರು. ಇಂಥ ದೊಡ್ಡ ಬದಲಾವಣೆಯಾದಾಗ ಸೂಚಿಗೆ ಒದಗಬಹುದಾದ ಕಷ್ಟಗಳು ನಾಲ್ಕು ಬಗೆ.

ಮೊದಲನೆಯದು, ಸೂಚಿಯನ್ನು ಬರೆದಿಡುವ ಕ್ರಮವೇ ಬದಲಾಗುವುದು. ಹಳೆಯ ಸೂಚಿ ಹೊಸ ತಂತ್ರಾಂಶಕ್ಕೆ ಅರ್ಥವಾಗದಿದ್ದರೆ ಅದು ಮೊದಲಿನಿಂದ ಬರೆಯತೊಡಗುತ್ತದೆ. ಇದು ಕೆಡುಕಲ್ಲ, ತಡ ಅಷ್ಟೆ. ಎರಡನೆಯದು, ಅಪ್‌ಡೇಟಿನ ನಡುವೆ ಕರೆಂಟು ಹೋಗಿ ಅಥವಾ ಯಂತ್ರವನ್ನು ಬಲವಂತವಾಗಿ ಆರಿಸಿ ಸೂಚಿಯ ಕಡತ ಕೆಡುವುದು. ಮೂರನೆಯದು, ಸೂಚಿ ಬರೆಯುವ ಸೇವೆಯೇ ನಿಂತುಹೋಗುವುದು. ಗುಮಾಸ್ತನೇ ಕಚೇರಿಗೆ ಬಾರದಂತೆ. ನಾಲ್ಕನೆಯದು, ಏನೇನನ್ನು ಓದಬೇಕೆಂಬ ಪಟ್ಟಿಯಿಂದ ಇ-ಮೇಲಿನ ಪೆಟ್ಟಿಗೆ ಜಾರಿಹೋಗುವುದು. ಗುಮಾಸ್ತ ಬಂದಿದ್ದಾನೆ, ಆದರೆ ಆ ಕೋಣೆಗೆ ಹೋಗೆಂದು ಅವನಿಗೆ ಯಾರೂ ಹೇಳಿಲ್ಲ.

ನಾಲ್ಕರಲ್ಲಿ ಯಾವುದಾದರೂ ಪರದೆಯ ಮೇಲೆ ಕಾಣುವುದು ಒಂದೇ ಮಾತು: ಸಿಕ್ಕಲಿಲ್ಲ. ಈ ಒಂದು ಮಾತೇ ಜನರನ್ನು ದಾರಿ ತಪ್ಪಿಸುವುದು. ‘ಸಿಕ್ಕಲಿಲ್ಲ’ ಎಂಬುದನ್ನು ಅವರು ‘ಇಲ್ಲ’ ಎಂದು ಓದಿಕೊಳ್ಳುತ್ತಾರೆ.

ಮೊದಲು ಕಾಗದ, ಆಮೇಲೆ ರಿಪೇರಿ

ತುರ್ತಿನ ವೇಳೆಯಲ್ಲಿ ಸೂಚಿಯನ್ನು ಸರಿಪಡಿಸಲು ಕೂರಬಾರದು. ಸರಸ್ವತೀಪುರದ ತರುಣ ಮಾಡಿದುದೂ ಅದನ್ನೇ. “ಈಗ ಹುಡುಕುವುದು ಬೇಡ ಸಾರ್, ಕಪಾಟಿನಲ್ಲೇ ನೋಡೋಣ” ಎಂದು ಆತ ಕಾಗದಗಳ ಪಟ್ಟಿಯ ಮೇಲಿದ್ದ ‘ಫ್ರಂ’ ಎಂಬ ತಲೆಬರಹವನ್ನು ಒತ್ತಿದ. ಕಾಗದಗಳೆಲ್ಲ ಕಳುಹಿಸಿದವರ ಹೆಸರಿನ ಅಕ್ಷರಕ್ರಮದಲ್ಲಿ ನಿಂತುವು. ಹೀಗೆ ಹೆಸರಿನಿಂದಲೋ ದಿನಾಂಕದಿಂದಲೋ ಜೋಡಿಸುವುದಕ್ಕೆ ಪದಸೂಚಿಯ ಹಂಗಿಲ್ಲ.

ಎರಡನೆಯ ದಾರಿಯೂ ಉಂಟು. ಪತ್ರಗಳ ಪ್ರತಿ ಸೇವೆ ಒದಗಿಸುವವರ ಸರ್ವರಿನಲ್ಲಿ ಇದ್ದರೆ, ಬ್ರೌಸರಿನಲ್ಲೋ ಮೊಬೈಲಿನಲ್ಲೋ ಅದೇ ಖಾತೆಯನ್ನು ತೆರೆದು ಹುಡುಕಬಹುದು. ಅಲ್ಲಿ ಬಳಕೆಯಾಗುವುದು ಸರ್ವರಿನ ಸ್ವಂತ ಸೂಚಿ. ಮನೆಯ ಕಂಪ್ಯೂಟರಿನ ಅಪ್‌ಡೇಟು ಅದನ್ನು ಮುಟ್ಟಿರುವುದಿಲ್ಲ. ಹಳೆಯ ಕಾಗದಗಳಿಗಂತೂ ಇದೇ ಉತ್ತಮ. ಏಕೆಂದರೆ ಔಟ್‌ಲುಕ್ ಅನೇಕ ಖಾತೆಗಳಲ್ಲಿ ಇತ್ತೀಚಿನ ಕೆಲವು ತಿಂಗಳುಗಳ, ಹೆಚ್ಚೆಂದರೆ ಒಂದು ವರ್ಷದ ಕಾಗದಗಳನ್ನು ಮಾತ್ರ ಮನೆಯಲ್ಲಿಟ್ಟುಕೊಂಡು ಉಳಿದುದನ್ನು ಸರ್ವರಿನಲ್ಲಿಯೇ ಬಿಡುವಂತೆ ಏರ್ಪಾಟಾಗಿರುತ್ತದೆ. ಜಿಮೇಲಿನಲ್ಲಿ ಹುಡುಕುವವರು ಇನ್ನೊಂದನ್ನು ನೆನಪಿಡಬೇಕು: ಸ್ಪ್ಯಾಮ್ ಮತ್ತು ಕಸದ ಬುಟ್ಟಿ ಸಾಮಾನ್ಯ ಹುಡುಕಾಟದಲ್ಲಿ ಸೇರುವುದಿಲ್ಲ. ಅವನ್ನು ಬೇರೆಯಾಗಿಯೇ ನೋಡಬೇಕು.

ಸೂಚಿಯನ್ನು ಮತ್ತೆ ಕಟ್ಟುವ ಬಗೆ

ಕಾಗದ ಕೈಸೇರಿದ ಮೇಲೆ ರಿಪೇರಿಗೆ ಕೈಹಾಕಬಹುದು. ವಿಂಡೋಸಿನಲ್ಲಿ ಕ್ಲಾಸಿಕ್ ಔಟ್‌ಲುಕ್ ಬಳಸುವವರು ಅನುಸರಿಸಬೇಕಾದ ಕ್ರಮ ಹೀಗಿದೆ.

ಹುಡುಕುವ ಚೌಕದ ಪಕ್ಕದಲ್ಲಿ ಯಾವ ಪೆಟ್ಟಿಗೆಯ ಹೆಸರಿದೆ ಎಂಬುದನ್ನು ಮೊದಲು ನೋಡಬೇಕು. ‘ಕರೆಂಟ್ ಫೋಲ್ಡರ್’ ಎಂದಿದ್ದರೆ ಕಣ್ಣೆದುರಿನ ಒಂದೇ ಪೆಟ್ಟಿಗೆಯಲ್ಲಿ ಹುಡುಕಾಟ ನಡೆಯುತ್ತದೆ. ಅದನ್ನು ‘ಆಲ್ ಮೇಲ್‌ಬಾಕ್ಸಸ್’ ಎಂದು ಬದಲಿಸಿದರೆ ಕೆಲವೊಮ್ಮೆ ರೋಗ ಅಲ್ಲಿಗೇ ವಾಸಿಯಾಗುತ್ತದೆ. ಆಗದಿದ್ದರೆ, ಆ ಚೌಕವನ್ನು ಒತ್ತಿದಾಗ ತೆರೆಯುವ ‘ಸರ್ಚ್ ಟೂಲ್ಸ್’ ಎಂಬಲ್ಲಿ ‘ಇಂಡೆಕ್ಸಿಂಗ್ ಸ್ಟೇಟಸ್’ ನೋಡಬೇಕು. ಇನ್ನೆಷ್ಟು ಕಾಗದಗಳನ್ನು ಓದುವುದು ಬಾಕಿಯಿದೆ ಎಂದು ಅದು ಹೇಳುತ್ತದೆ. ಸಂಖ್ಯೆ ದೊಡ್ಡದಾಗಿದ್ದು, ಒಂದು ಗಂಟೆಯ ನಂತರ ನೋಡಿದಾಗ ಇಳಿದಿದ್ದರೆ ಮಾಡಬೇಕಾದುದು ಏನೂ ಇಲ್ಲ. ಔಟ್‌ಲುಕ್ಕನ್ನು ತೆರೆದಿಟ್ಟು, ಲ್ಯಾಪ್‌ಟಾಪಾದರೆ ಚಾರ್ಜರಿಗೆ ಸಿಕ್ಕಿಸಿ, ಯಂತ್ರ ನಿದ್ರೆಗೆ ಜಾರದಂತೆ ಏರ್ಪಡಿಸಿ ರಾತ್ರಿಯೆಲ್ಲ ಬಿಡಬೇಕು. ನಾವು ಕೆಲಸ ಮಾಡುತ್ತಿರುವಾಗ ಸೂಚಿಯ ಕೆಲಸ ನಿಧಾನವಾಗುತ್ತದೆ. ಆತುರದಿಂದ ಪದೇ ಪದೇ ಆರಿಸಿ ಹಚ್ಚಿದಷ್ಟೂ ಅದು ಹಿಂದೆ ಬೀಳುತ್ತದೆ.

ಸಂಖ್ಯೆ ಇಳಿಯದಿದ್ದರೆ ಕಂಟ್ರೋಲ್ ಪ್ಯಾನೆಲಿನ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆಯಬೇಕು. ಅಲ್ಲಿ ‘ಮಾಡಿಫೈ’ ಒತ್ತಿ, ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಔಟ್‌ಲುಕ್ಕಿನ ಮುಂದೆ ಗುರುತಿದೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಬೇಕು. ಬಳಿಕ ‘ಸರ್ವೀಸಸ್’ ಎಂಬಲ್ಲಿ ‘ವಿಂಡೋಸ್ ಸರ್ಚ್’ ನಡೆಯುತ್ತಿದೆಯೇ, ಯಂತ್ರದೊಡನೆ ತಾನಾಗಿ ಆರಂಭವಾಗುವಂತಿದೆಯೇ ಎಂದು ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದೂ ಫಲವಿಲ್ಲವಾದರೆ, ‘ಇಂಡೆಕ್ಸಿಂಗ್ ಆಪ್ಷನ್ಸ್’ನ ‘ಅಡ್ವಾನ್ಸ್ಡ್’ ಎಂಬಲ್ಲಿ ‘ರೀಬಿಲ್ಡ್’ ಗುಂಡಿಯಿದೆ. ಅದು ಹಳೆಯ ಸೂಚಿಯನ್ನು ಅಳಿಸಿ ಹೊಸದನ್ನು ಆರಂಭಿಸುತ್ತದೆ. ಅಳಿಯುವುದು ಸೂಚಿ ಮಾತ್ರ. ಕಾಗದಗಳಲ್ಲಿ ಒಂದಕ್ಷರವೂ ಕೆಡುವುದಿಲ್ಲ. ಹೊಸ ಸೂಚಿ ಪೂರ್ಣವಾಗಲು ಕಾಗದಗಳ ರಾಶಿಗೆ ತಕ್ಕಂತೆ ಕೆಲವು ಗಂಟೆಗಳಿಂದ ಒಂದೆರಡು ದಿನಗಳೇ ಹಿಡಿಯಬಹುದು. ಆ ನಡುವೆ ಮತ್ತೊಮ್ಮೆ ‘ರೀಬಿಲ್ಡ್’ ಒತ್ತುವುದು ಅರ್ಧ ಬೆಂದ ಅನ್ನವನ್ನು ಚೆಲ್ಲಿ ಹೊಸದಾಗಿ ಅಕ್ಕಿ ತೊಳೆದಂತೆ.

ಆ್ಯಪಲ್ ಯಂತ್ರದವರು ‘ಸಿಸ್ಟಮ್ ಸೆಟ್ಟಿಂಗ್ಸ್’ನ ಸ್ಪಾಟ್‌ಲೈಟ್ ವಿಭಾಗದಲ್ಲಿ ‘ಸರ್ಚ್ ಪ್ರೈವಸಿ’ ಎಂಬ ಪಟ್ಟಿಗೆ ತಮ್ಮ ಡಿಸ್ಕನ್ನು ಸೇರಿಸಿ, ಮತ್ತೆ ತೆಗೆದರೆ ಸೂಚಿ ಹೊಸದಾಗಿ ಆರಂಭವಾಗುತ್ತದೆ. ಮೇಲ್ ತಂತ್ರಾಂಶದ ‘ಮೇಲ್‌ಬಾಕ್ಸ್’ ಮೆನುವಿನಲ್ಲಿ ಒಂದೊಂದು ಪೆಟ್ಟಿಗೆಗೂ ‘ರೀಬಿಲ್ಡ್’ ಇದೆ. ಥಂಡರ್‌ಬರ್ಡ್ ಬಳಸುವವರು ಅದನ್ನು ಮುಚ್ಚಿ, ಪ್ರೊಫೈಲ್ ಫೋಲ್ಡರಿನಲ್ಲಿರುವ ‘ಗ್ಲೋಬಲ್-ಮೆಸೇಜಸ್-ಡಿಬಿ’ ಎಂಬ ಹೆಸರಿನ ಕಡತವೊಂದನ್ನೇ ಅಳಿಸಿ ಮತ್ತೆ ತೆರೆದರೆ ಸಾಕು. ಅದು ತಾನಾಗಿ ಹೊಸ ಸೂಚಿಯನ್ನು ಕಟ್ಟಿಕೊಳ್ಳುತ್ತದೆ.

ಕನ್ನಡದಲ್ಲಿ ಹುಡುಕುವಾಗ

ಸೂಚಿ ಸರಿಯಿದ್ದರೂ ಕನ್ನಡ ಕಾಗದಗಳು ಅಡಗಿಕೊಳ್ಳುವುದುಂಟು. ನಮ್ಮ ಪದಗಳು ವಿಭಕ್ತಿ ಹತ್ತಿದೊಡನೆ ರೂಪ ಬದಲಿಸುತ್ತವೆ. ‘ಬೆಂಗಳೂರು’ ಎಂದು ಹುಡುಕಿದರೆ ‘ಬೆಂಗಳೂರಿನಲ್ಲಿ’ ಎಂದಿರುವ ಕಾಗದ ಬಾರದೆ ಹೋಗಬಹುದು, ಏಕೆಂದರೆ ಕೊನೆಯ ಉಕಾರ ಅಲ್ಲಿ ಇಲ್ಲ. ಪದದ ಮೊದಲ ಭಾಗವನ್ನು ಕೊಟ್ಟರೆ ಒಪ್ಪಿಕೊಳ್ಳುವ ತಂತ್ರಾಂಶಗಳಲ್ಲಿ ‘ಬೆಂಗಳೂ’ ಎಂದು ನಿಲ್ಲಿಸಿ ನೋಡಬೇಕು. ಪೂರ್ಣ ಪದವನ್ನೇ ಕೇಳುವ ಕಡೆ ಎರಡು ಮೂರು ರೂಪಗಳನ್ನು ಹಾಕಬೇಕು. ಸಮಾಸ ಪದಗಳ ಕಷ್ಟ ಇನ್ನೊಂದು. ‘ಗೃಹಸಾಲ’ ಎಂದಿರುವ ಕಾಗದ ‘ಸಾಲ’ ಎಂದರೆ ಸಾಮಾನ್ಯವಾಗಿ ಬರುವುದಿಲ್ಲ. ಸೂಚಿ ಪದವನ್ನು ಅದರ ತಲೆಯಿಂದ ಗುರುತಿಸುತ್ತದೆಯೇ ಹೊರತು ಬಾಲದಿಂದಲ್ಲ.

ಅಕ್ಷರಗಳ ಒಳಗುಟ್ಟೂ ಒಂದಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಜನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದರು. ಕಣ್ಣಿಗೆ ಅದು ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಇಂದಿನ ಕೀಲಿಮಣೆಯಿಂದ ಟೈಪು ಮಾಡಿದ ಪದಕ್ಕೆ ಅವು ಎಂದೂ ಹೊಂದುವುದಿಲ್ಲ. ಅಂಥ ಕಾಗದಗಳನ್ನು ಕಳುಹಿಸಿದವರ ವಿಳಾಸದಿಂದಲೋ ದಿನಾಂಕದಿಂದಲೋ ಪತ್ತೆ ಮಾಡಬೇಕು. ಸ್ಕ್ಯಾನ್ ಮಾಡಿ ಲಗತ್ತಿಸಿದ ಪತ್ರವಂತೂ ಹಲವು ತಂತ್ರಾಂಶಗಳಿಗೆ ಬರಿಯ ಚಿತ್ರ. ಅದರೊಳಗಿನ ಮಾತುಗಳು ಸೂಚಿಗೆ ಸೇರಿರುವುದೇ ಇಲ್ಲ.

ಮಾಡಬಾರದ ಕೆಲಸಗಳು

ರೋಗಕ್ಕಿಂತ ಔಷಧ ಕೆಟ್ಟದ್ದಾಗುವ ಅಪಾಯ ಇಲ್ಲಿಯೂ ಉಂಟು. ಹುಡುಕಾಟ ನಡೆಯದೆಂದು ಖಾತೆಯನ್ನೇ ಅಳಿಸಿ ಮತ್ತೆ ಹಾಕಲು ಹೋಗಬಾರದು. ಸರ್ವರಿನಲ್ಲಿ ಪ್ರತಿಯಿಲ್ಲದೆ ಕಾಗದಗಳೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಇರುವ ಹಳೆಯ ಬಗೆಯ ಖಾತೆಯಾದರೆ, ಅವುಗಳಿರುವ ಕಡತ ಅಳಿದೊಡನೆ ಎಲ್ಲವೂ ನಿಜವಾಗಿಯೇ ಹೋಗುತ್ತವೆ. ಔಟ್‌ಲುಕ್ಕಿನಲ್ಲಿ ‘ಪಿಎಸ್‌ಟಿ’ ಎಂದು ಕೊನೆಗೊಳ್ಳುವ ಕಡತ ಕಾಗದಗಳ ಪೆಟ್ಟಿಗೆಯೇ ಹೊರತು ಸೂಚಿಯಲ್ಲ. ಅದಕ್ಕೆ ಕೈಹಚ್ಚುವ ಮೊದಲು ಬೇರೊಂದು ಡಿಸ್ಕಿನಲ್ಲಿ ಪ್ರತಿ ತೆಗೆದಿಡಬೇಕು.

ಇನ್ನೊಂದು ಅಪಾಯ ಹೊರಗಿನದು. ಗಾಬರಿಯಲ್ಲಿ ಅಂತರಜಾಲದಲ್ಲಿ ಸಿಕ್ಕಿದ ಸಹಾಯವಾಣಿಗೆ ಫೋನು ಮಾಡಿ, ಅತ್ತಲಿನ ಅಪರಿಚಿತ ಹೇಳಿದ ತಂತ್ರಾಂಶವನ್ನು ಹಾಕಿಕೊಂಡು, ಕಂಪ್ಯೂಟರಿನ ಹಿಡಿತವನ್ನೇ ಅವನಿಗೊಪ್ಪಿಸಿ ಬ್ಯಾಂಕಿನ ಹಣವನ್ನು ಕಳೆದುಕೊಂಡವರಿದ್ದಾರೆ. ಸೂಚಿಯ ರಿಪೇರಿಗೆ ಒಂದು ಬಾರಿಯ ಗುಪ್ತಸಂಖ್ಯೆಯಾಗಲಿ, ಕಾರ್ಡಿನ ವಿವರವಾಗಲಿ ಬೇಕಿಲ್ಲ. ಕೇಳಿದವನು ವಂಚಕನೆಂದೇ ತಿಳಿಯಬೇಕು. ಮೋಸ ನಡೆದುಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು.

ಮರುದಿನ

ಸರಸ್ವತೀಪುರದಲ್ಲಿ ಹೆಸರಿನ ಕ್ರಮದಲ್ಲಿ ನಿಂತ ಕಾಗದಗಳನ್ನು ಕೆಳಗೆ ಸರಿಸುತ್ತ ಹೋದ ಹತ್ತನೆಯ ನಿಮಿಷದಲ್ಲಿ ತರುಣ ನಿಂತ. ವೃದ್ಧರು ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ದಿನಾಂಕ, ತಿಂಗಳು, ಕೆಳಗಿನ ಹೆಸರು, ಎಲ್ಲವೂ ಅವರ ನೆನಪಿನಲ್ಲಿದ್ದಂತೆಯೇ ಇದ್ದುವು. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ. ಕಾಗದ ಸಿಕ್ಕಿತೆಂಬುದಕ್ಕಿಂತ, ತಮ್ಮ ನೆನಪು ಸುಳ್ಳಾಗಲಿಲ್ಲವೆಂಬ ಸಮಾಧಾನ ಅವರಿಗೆ ಹೆಚ್ಚಾಗಿದ್ದಿತು.

ಎರಡು ಪ್ರತಿಗಳು ಮುದ್ರಿತವಾದುವು. ಒಂದು ವಕೀಲರ ಕೈಗೆ. ಇನ್ನೊಂದು ಮನೆಯ ಕಬ್ಬಿಣದ ಬೀರುವಿಗೆ. ಕಂಪ್ಯೂಟರು ಆ ರಾತ್ರಿಯೆಲ್ಲ ಉರಿಯುತ್ತ, ಚೆಲ್ಲಿದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಜೋಡಿಸುತ್ತಿದ್ದಿತು.

ಮರುದಿನ ಸಂಜೆ ಹೆಸರನ್ನು ಹಾಕಿದೊಡನೆ ಕಾಗದ ಥಟ್ಟನೆ ಎದುರಿಗೆ ಬಂದಿತು. ಆದರೂ ಆ ನಿವೃತ್ತ ಗ್ರಂಥಪಾಲರು ಅಂದಿನಿಂದ ಒಂದು ಹೊಸ ಪದ್ಧತಿಯನ್ನು ಆರಂಭಿಸಿದರು. ಇ-ಮೇಲಿನಲ್ಲಿ ‘ಮನೆ’, ‘ಬ್ಯಾಂಕು’, ‘ಆರೋಗ್ಯ’ ಎಂಬ ಮೂರು ಪೆಟ್ಟಿಗೆಗಳನ್ನು ತೆರೆದು, ಮುಖ್ಯವಾದ ಕಾಗದ ಬಂದ ದಿನವೇ ಅದನ್ನು ಅಲ್ಲಿಗೆ ಸೇರಿಸುವುದು. ಅದರ ದಿನಾಂಕವನ್ನೂ ಕಳುಹಿಸಿದವರ ಹೆಸರನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು.

“ಇಷ್ಟೆಲ್ಲ ಯಾಕೆ ಸಾರ್? ಈಗ ಸರ್ಚ್ ಸರಿಯಾಗಿದೆಯಲ್ಲ” ಎಂದ ತರುಣ.

“ಸರಿಯಾಗಿದೆಯಪ್ಪ. ಇನ್ನೊಂದು ಅಪ್‌ಡೇಟು ಬರುವವರೆಗೆ” ಎಂದರು ಅವರು, ಪೆನ್ನಿನ ಮುಚ್ಚಳವನ್ನು ಹಾಕುತ್ತ.